ಆ ಎರಡು ವಾರ ಯಾರ ಲೆಕ್ಕಕ್ಕೆ?

ಗರ್ಭ ಪರೀಕ್ಷೆಯ ಕಾರ್ಡನ್ನು ಹೆಸರು ಹಿಡಿದು ಕೇಳುವವರು ನಮ್ಮ ಅಂಗಡಿಯಲ್ಲಿ ಕಡಿಮೆ. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ರಸ್ತೆಯಲ್ಲಿ ಲ್ಯಾಬು, ಸ್ಕ್ಯಾನಿಂಗ್ ಕೇಂದ್ರ, ಔಷಧಿ ಅಂಗಡಿ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಹಾಗಾಗಿ ಇಲ್ಲಿಗೆ ಬರುವವರಿಗೆ ಸಂಕೋಚ ಕಡಿಮೆ ಇರಬೇಕಿತ್ತು. ಹಾಗಿಲ್ಲ. ಮೊದಲು ಜ್ವರದ ಮಾತ್ರೆ ಕೇಳುತ್ತಾರೆ, ಆಮೇಲೆ ನೋವಿನ ಮುಲಾಮು, ಪಕ್ಕದ ಗಿರಾಕಿ ಹೋಗುವವರೆಗೆ ಗಾಜಿನ ಹಿಂದಿನ ಸೋಪುಗಳನ್ನು ನೋಡುತ್ತಾ ನಿಲ್ಲುತ್ತಾರೆ, ಕೊನೆಗೆ "ಅಕ್ಕಾ, ಮನೆಯಲ್ಲಿ ಟೆಸ್ಟ್ ಮಾಡುವುದು ಬರುತ್ತದಲ್ಲ, ಅದೊಂದು ಕೊಡಿ" ಎನ್ನುತ್ತಾರೆ. ಗಂಡಸರಾದರೆ ಬಾಯಿ ಬಿಡುವುದೇ ಇಲ್ಲ, ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ. ನಾನು ಅದನ್ನು ಕಾಗದದಲ್ಲಿ ಸುತ್ತುತ್ತಿರುವಾಗ ಪ್ರಶ್ನೆ ಬರುತ್ತದೆ: "ಎಷ್ಟನೇ ದಿನಕ್ಕೆ ಮಾಡಬೇಕು?"

ಉತ್ತರ ಹೇಳುವುದಕ್ಕೆ ಮುಂಚೆ ನಾನು ತಿರುಗಿ ಕೇಳಬೇಕು, ಯಾವ ದಿನದಿಂದ ಎಣಿಸುತ್ತಿದ್ದೀರಿ ಎಂದು. ಏಕೆಂದರೆ ಇಷ್ಟು ವರ್ಷ ಕೌಂಟರಿನ ಹಿಂದೆ ನಿಂತು ನಾನು ಕಂಡಿರುವುದೇನೆಂದರೆ, ಒಂದೇ ಮನೆಯ ಜನ ಒಂದೇ ಬಸಿರನ್ನು ಬೇರೆಬೇರೆ ದಿನದಿಂದ ಎಣಿಸುತ್ತಿರುತ್ತಾರೆ. ಹುಡುಗಿ ಗಂಡನ ಜೊತೆ ಕೂಡಿದ ದಿನದಿಂದ ಎಣಿಸುತ್ತಾಳೆ. ಅತ್ತೆ, ಸೊಸೆ ತಲೆಗೆ ನೀರು ಹಾಕಿಕೊಂಡ ದಿನದಿಂದ ಎಣಿಸುತ್ತಾಳೆ. ವೈದ್ಯರದು ಮುಟ್ಟಿನ ಮೊದಲ ದಿನ. ಕಾರ್ಡಿನ ಡಬ್ಬಿಯ ಮೇಲಿರುವುದು ಮುಟ್ಟು ತಪ್ಪಿದ ದಿನ. ಬಸಿರು ನಿಜವಾಗಿ ನೆಲೆಗೊಂಡ ದಿನ ಇವುಗಳಲ್ಲಿ ಯಾವುದೂ ಅಲ್ಲ. ಅದನ್ನು ಯಾರೂ ಎಣಿಸುವುದಿಲ್ಲ, ಎಣಿಸಲು ಬರುವುದೂ ಇಲ್ಲ. ಇದು ಬರೀ ತಲೆಹರಟೆಯ ಲೆಕ್ಕವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಈ ಲೆಕ್ಕಗಳು ತಾಳೆಯಾಗದೆ ಹೋದಾಗ ಉಳಿಯುವ ಬಾಕಿಯನ್ನು ತೀರಿಸುವವಳು ಯಾವಾಗಲೂ ಒಬ್ಬಳೇ ಎನ್ನುವುದು ನನ್ನನ್ನು ಕಾಡುವ ಸಂಗತಿ.

ಗೇಟು ಎತ್ತಿದ ದಿನ, ನೀರು ಬಂದ ದಿನ

ನನ್ನ ತವರು ಮಲೇಬೆನ್ನೂರು ಕಡೆ, ಭದ್ರಾ ಕಾಲುವೆಯ ಕೊನೆಭಾಗ. ಬೇಸಿಗೆ ಬೆಳೆಗೆ ಇಂಥ ತಾರೀಖಿನಿಂದ ನೀರು ಬಿಡಲಾಗುವುದು ಎಂದು ಪತ್ರಿಕೆಯಲ್ಲಿ ಬರುತ್ತಿತ್ತು. ಆ ತಾರೀಖನ್ನು ಇಟ್ಟುಕೊಂಡು ಅಪ್ಪ ಏನೂ ಮಾಡುವಂತಿರಲಿಲ್ಲ. ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಗೇಟು ಎತ್ತಿದ ದಿನ ಬೇರೆ, ನಮ್ಮ ತೂಬಿಗೆ ನೀರು ಬಂದ ದಿನ ಬೇರೆ. ನಡುವೆ ಎಷ್ಟು ದಿನ ಎನ್ನುವುದು ಮೇಲಿನವರು ಎಷ್ಟು ಪಂಪ್‌ಸೆಟ್ ಹಚ್ಚಿದ್ದಾರೆ, ಕಾಲುವೆಯಲ್ಲಿ ಎಷ್ಟು ಹೂಳು ತುಂಬಿದೆ ಎನ್ನುವುದರ ಮೇಲೆ ನಿಂತಿತ್ತು. ಆದರೂ ಇಲಾಖೆಯ ಪುಸ್ತಕದಲ್ಲಿ ಹಂಗಾಮು ಶುರುವಾಗುತ್ತಿದ್ದುದು ಗೇಟು ಎತ್ತಿದ ದಿನದಿಂದಲೇ. ಎಲ್ಲರ ಕಣ್ಣಿಗೂ ಬೀಳುವುದು ಅದೊಂದೇ ದಿನ, ಮತ್ತೆ ಯಾವುದರಿಂದ ಶುರು ಮಾಡಬೇಕು?

ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದೂ ಇದೇ ಕಾರಣಕ್ಕೆ. ಹೆಣ್ಣಿಗೆ ಖಚಿತವಾಗಿ ಗೊತ್ತಾಗುವ ದಿನ ಅದೊಂದೇ. ಆ ದಿನಕ್ಕೆ ಏಳು ದಿನ ಸೇರಿಸಿ ಒಂಬತ್ತು ತಿಂಗಳು ಮುಂದೆ ಹೋದರೆ ಹೆರಿಗೆಯ ದಿನ ಎನ್ನುವ ಸೂತ್ರಕ್ಕೆ ಹತ್ತೊಂಬತ್ತನೇ ಶತಮಾನದ ಜರ್ಮನ್ ಪ್ರಸೂತಿ ವೈದ್ಯ ಫ್ರಾಂಜ್ ನೇಗೆಲೆಯ ಹೆಸರಿದೆ. ನಮ್ಮಜ್ಜಿಯರು ಹೇಳುತ್ತಿದ್ದ ಒಂಬತ್ತು ತಿಂಗಳು ಒಂಬತ್ತು ದಿನಕ್ಕೂ ಅವನ ಸೂತ್ರಕ್ಕೂ ಎರಡೇ ದಿನದ ವ್ಯತ್ಯಾಸ. (280 ದಿನ ಎಂದು ಒಂದೊಂದಾಗಿ ಎಣಿಸಿದರೆ ಮತ್ತೆ ಒಂದೆರಡು ದಿನ ಅತ್ತಿತ್ತ ಆಗುತ್ತದೆ. ಅದಕ್ಕಾಗಿ ಯಾರೂ ಜಗಳವಾಡಿಲ್ಲ.) ನೇಗೆಲೆಯ ಕಾಲದಲ್ಲಿ ಹೆಣ್ಣಿನ ಅಂಡ ತಿಂಗಳಿನ ಯಾವ ದಿನ ಬಿಡುಗಡೆಯಾಗುತ್ತದೆ ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಎನ್ನುವುದನ್ನು ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಬೇರೆಬೇರೆಯಾಗಿ ಕಂಡುಕೊಂಡದ್ದು 1920ರ ದಶಕದಲ್ಲಿ. ಅಷ್ಟರಲ್ಲಿ ಹಳೆಯ ಎಣಿಕೆ ಎಲ್ಲ ಆಸ್ಪತ್ರೆಗಳ ಪುಸ್ತಕದಲ್ಲೂ ಕುಳಿತುಬಿಟ್ಟಿತ್ತು. ಹಾಗಾಗಿ ಇವತ್ತಿಗೂ ವೈದ್ಯರು ಹೇಳುವ ವಾರಗಳಲ್ಲಿ ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ಆಸ್ಪತ್ರೆಯವರು ಕೊಡುವ 'ತಾಯಿ ಕಾರ್ಡಿ'ನಲ್ಲಿ ಎಣಿಕೆ ಶುರುವಾಗುವ ದಿನಾಂಕದಂದು ಆಕೆ ಬಸಿರಿ ಅಲ್ಲವೇ ಅಲ್ಲ. ಆ ದಿನ ಆಕೆ ಮುಟ್ಟಾಗಿದ್ದಳು, ಅಷ್ಟೆ.

ಇನ್ನು ಕೆಳಗಿನ ತೂಬಿನ ಕಥೆ. ಬಿಡುಗಡೆಯಾದ ಅಂಡಕ್ಕೆ ಹೆಚ್ಚೆಂದರೆ ಒಂದು ದಿನದ ಆಯುಸ್ಸು. ವೀರ್ಯಾಣುಗಳು ಹೆಣ್ಣಿನ ಒಡಲಿನಲ್ಲಿ ಐದು ದಿನದವರೆಗೂ ಉಳಿಯಬಲ್ಲವು. ಎಂದರೆ ಗಂಡ ಹೆಂಡತಿ ಸೇರಿದ್ದು ಸೋಮವಾರವಾದರೂ ಅಂಡ ಫಲಿತವಾಗುವುದು ಶುಕ್ರವಾರ ಇರಬಹುದು. ಫಲಿತ ಅಂಡ ನಳಿಕೆಯೊಳಗೆ ಒಡೆದು ಒಡೆದು ಬೆಳೆಯುತ್ತಾ ಗರ್ಭಕೋಶಕ್ಕೆ ಇಳಿಯಲು ಮೂರು ನಾಲ್ಕು ದಿನ, ಸುತ್ತಲಿನ ಪೊರೆ ಕಳಚಿ ಒಳಪದರಕ್ಕೆ ಅಂಟಿಕೊಳ್ಳಲು ಮತ್ತಷ್ಟು ದಿನ. ಹಾಗೆ ಅಂಟಿ ಬೇರು ಬಿಟ್ಟ ಮೇಲೆಯೇ ಅದು ಹೊರಡಿಸುವ ಎಚ್‌ಸಿಜಿ ಎನ್ನುವ ಹಾರ್ಮೋನು ತಾಯಿಯ ರಕ್ತಕ್ಕೆ ಸೇರುವುದು. 'ಈ ತಿಂಗಳು ಮುಟ್ಟಾಗಬೇಡ' ಎಂದು ಅಂಡಾಶಯಕ್ಕೆ ಹೇಳಿ ಕಳಿಸುವ ಹಾರ್ಮೋನು ಅದೇ, ಕಾರ್ಡಿನಲ್ಲಿ ಎರಡನೇ ಗೆರೆ ಮೂಡಿಸುವುದೂ ಅದೇ. ಅಂಟಿಕೊಳ್ಳುವವರೆಗೆ ಯಾವ ಕಾರ್ಡಿಗೂ ಯಾವ ರಕ್ತಪರೀಕ್ಷೆಗೂ ಹಿಡಿಯಲು ಏನೂ ಸಿಗುವುದಿಲ್ಲ.

ಅದು ಎಷ್ಟನೇ ದಿನ ಅಂಟಿಕೊಳ್ಳುತ್ತದೆ ಎನ್ನುವುದನ್ನು ತಿಳಿದ ಬಗೆ ನನಗೆ ತುಂಬ ಇಷ್ಟ, ಏಕೆಂದರೆ ಅದರಲ್ಲಿ ದೊಡ್ಡ ಯಂತ್ರಕ್ಕಿಂತ ಹೆಂಗಸರ ತಾಳ್ಮೆಯ ಪಾತ್ರ ದೊಡ್ಡದು. 1980ರ ದಶಕದಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮಗುವಿಗಾಗಿ ಕಾಯುತ್ತಿದ್ದ 221 ಹೆಂಗಸರು ಆರು ತಿಂಗಳವರೆಗೂ ದಿನವೂ ತಮ್ಮ ಮೂತ್ರದ ಮಾದರಿ ತೆಗೆದಿಟ್ಟು ಸಂಶೋಧಕರಿಗೆ ಕೊಟ್ಟರು. ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಅದರಲ್ಲಿ ಎಚ್‌ಸಿಜಿ ಮೊದಲು ಕಾಣಿಸಿಕೊಂಡ ದಿನವನ್ನು ಹುಡುಕಿದರು. 1999ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ನಿಂತ ಬಸಿರುಗಳಲ್ಲಿ ಅಂಡ ಬಿಡುಗಡೆಯಾದ ಮೇಲೆ 6ರಿಂದ 12 ದಿನಗಳ ನಡುವೆ ಅದು ಕಾಣಿಸಿತ್ತು; ನೂರಕ್ಕೆ 84 ಮಂದಿಯಲ್ಲಿ 8, 9 ಅಥವಾ 10ನೇ ದಿನ. ಮೂರು ದಿನದ ಅವಧಿ ಚಿಕ್ಕದೇ. ಆದರೆ ಎರಡೂ ತುದಿಗಳ ನಡುವೆ ಸುಮಾರು ಒಂದು ವಾರದ ಅಂತರವಿದೆ, ಅದೂ ಅಂಡ ಬಿಡುಗಡೆಯಾದ ದಿನ ಸರಿಯಾಗಿ ಗೊತ್ತಿದ್ದಾಗ. ಮುಟ್ಟು 28 ದಿನಕ್ಕೆ ಬರದೆ 35 ದಿನಕ್ಕೆ ಬರುವವಳಲ್ಲಿ ಅಂಡವೇ ಒಂದು ವಾರ ತಡ. ಕ್ಯಾಲೆಂಡರಿನಲ್ಲಿ ಹದಿನಾಲ್ಕನೇ ದಿನಕ್ಕೆ ವೃತ್ತ ಹಾಕಿಕೊಂಡವರ ದೇಹ ಆ ವೃತ್ತವನ್ನು ನೋಡಿರುವುದಿಲ್ಲ.

ಒಂದೇ ಗೆರೆ ಎಂದರೆ

ಅಂಟಿಕೊಂಡ ಮರುದಿನವೇ ಎರಡು ಗೆರೆ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಡಿಗೆ ಒಂದು ಮಿಲಿಲೀಟರ್ ಮೂತ್ರದಲ್ಲಿ ಸುಮಾರು 25 ಮಿಲಿ ಯೂನಿಟ್‌ನಷ್ಟು ಎಚ್‌ಸಿಜಿ ಬೇಕು. ಅದು ಮೊದಲ ವಾರಗಳಲ್ಲಿ ಹೆಚ್ಚುಕಡಿಮೆ ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಇಂದು ಸಾಲದೆ ಹೋದದ್ದು ಎರಡು ದಿನ, ನಾಲ್ಕು ದಿನ ಬಿಟ್ಟರೆ ಸಾಕಾಗುತ್ತದೆ. ಬೆಳಗಿನ ಮೊದಲ ಮೂತ್ರ ಎನ್ನುವ ಸಲಹೆಗೂ ಇದೇ ಕಾರಣ. ರಾತ್ರಿಯಿಡೀ ಸಂಗ್ರಹವಾಗಿ ಗಟ್ಟಿಯಾಗಿರುತ್ತದೆ. ಎರಡು ಚೊಂಬು ನೀರು ಕುಡಿದು ಸಂಜೆ ಮಾಡಿದರೆ ಮೊದಲ ದಿನಗಳಲ್ಲಿ ಇದ್ದದ್ದೂ ತೆಳುವಾಗಿ ಕಾಣದೆ ಹೋಗಬಹುದು. ಅದೇ ಅಮೆರಿಕದ ಹೆಂಗಸರ ಮಾದರಿಗಳಿಂದ 2001ರಲ್ಲಿ ಮತ್ತೊಂದು ಲೆಕ್ಕ ಬಂತು: ಮುಟ್ಟು ಬರಬೇಕಾಗಿದ್ದ ದಿನದ ಹೊತ್ತಿಗೆ ಬಸಿರಾದವರಲ್ಲಿ ನೂರಕ್ಕೆ ಹತ್ತು ಮಂದಿಗೆ ಭ್ರೂಣ ಇನ್ನೂ ಅಂಟಿಕೊಂಡೇ ಇರಲಿಲ್ಲ. ಆ ಹತ್ತು ಮಂದಿ ಎಷ್ಟೇ ದುಬಾರಿ ಕಾರ್ಡು ತಂದರೂ ಆ ದಿನ ಕಾಣುವುದು ಒಂದೇ ಗೆರೆ. ಒಂದು ವಾರ ಕಳೆದ ಮೇಲೂ ಮೂರು ಮಂದಿಯಷ್ಟು ಉಳಿದಿರುತ್ತಾರೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ ಶೇಕಡಾವಾರು ಖಚಿತತೆ ಏನಿದ್ದರೂ ಕಾರ್ಡಿನದು, ಹೆಂಗಸಿನ ಒಡಲಿನದಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕೌಂಟರಿನಲ್ಲಿ ಪುರುಸೊತ್ತು ಇರುವುದಿಲ್ಲ. ನಿಟ್ಟುವಳ್ಳಿ ಕಡೆಯಿಂದ ಬರುತ್ತಿದ್ದ ಒಬ್ಬ ಶಾಲಾ ಶಿಕ್ಷಕಿ ಮಾತ್ರ ಬಿಡುವಿನ ಹೊತ್ತು ನೋಡಿಕೊಂಡೇ ಬರುತ್ತಿದ್ದರು. ಮದುವೆಯಾಗಿ ಹಲವು ವರ್ಷವಾಗಿತ್ತು, ಚಿಕಿತ್ಸೆ ನಡೆಯುತ್ತಿತ್ತು. ಕಾರ್ಡಿನ ಚಿತ್ರ ತೆಗೆದು, ಹಿಗ್ಗಿಸಿ, ಬಣ್ಣ ಗಾಢ ಮಾಡಿ ನನಗೆ ತೋರಿಸುತ್ತಿದ್ದರು. "ಇಲ್ಲಿ ಏನಾದರೂ ಕಾಣುತ್ತದೆಯೇ ನೋಡಿ." ಕೆಲವೊಮ್ಮೆ ಕಾಣುತ್ತಿತ್ತು, ಬಣ್ಣವಿಲ್ಲದ ಒಂದು ಬೂದು ನೆರಳು. ಕಾರ್ಡನ್ನು ಐದು ನಿಮಿಷಕ್ಕೆ ನೋಡಿ ಬದಿಗಿಡಬೇಕು. ಹತ್ತು ನಿಮಿಷ ದಾಟಿದ ಮೇಲೆ ಮೂತ್ರ ಆರಿದ ಗುರುತೇ ಗೆರೆಯಂತೆ ಕಾಣುತ್ತದೆ. ಅವರು ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದು ಬೆಳಗಿನ ಕಾರ್ಡನ್ನು ಕಸದ ಬುಟ್ಟಿಯಿಂದ ತೆಗೆದು ಮತ್ತೆ ನೋಡುತ್ತಿದ್ದರು. ಹಾಗೆ ನೋಡದವರು ಯಾರಿದ್ದಾರೆ?

ಒಮ್ಮೆ ಅವರು ಮುಖ ಅರಳಿಸಿಕೊಂಡು ಬಂದರು. ಈ ಸಲ ನೆರಳಲ್ಲ, ಅಚ್ಚ ಗುಲಾಬಿ ಗೆರೆ. ಅಂಡ ಬಿಡುಗಡೆಗೆ ಇಂಜೆಕ್ಷನ್ ಹಾಕಿಸಿಕೊಂಡು ಇನ್ನೂ ಒಂದು ವಾರವಾಗಿತ್ತು. ಯಾವ ಇಂಜೆಕ್ಷನ್ ಎಂದು ಕೇಳಿ ನಾನು ಮಾತು ನಿಲ್ಲಿಸಿದೆ. ಅಂಡ ಬಿಡುಗಡೆಗೆ ಕೊಡುವ ಆ ಚುಚ್ಚುಮದ್ದು ಹಲವು ಸಲ ಎಚ್‌ಸಿಜಿಯೇ ಆಗಿರುತ್ತದೆ, ಅದು ದೇಹದಿಂದ ಪೂರ್ತಿ ಹೊರಹೋಗಲು ಹತ್ತು ದಿನ, ಹದಿನಾಲ್ಕು ದಿನ ಕೂಡ ಹಿಡಿಯಬಹುದು. ಕಾರ್ಡಿಗೆ ಇದು ಸಿರಿಂಜಿನಿಂದ ಬಂದದ್ದೋ ಭ್ರೂಣದಿಂದ ಬಂದದ್ದೋ ಗೊತ್ತಾಗುವುದಿಲ್ಲ. ಚುಚ್ಚಿದವರು ಈ ಒಂದು ವಾಕ್ಯವನ್ನು ಹೇಳಿ ಕಳಿಸಿರಲಿಲ್ಲ. ನಾನು ಹೇಳಿದೆ. ಅವರು ಕೇಳಿಸಿಕೊಂಡು, ಚಿಲ್ಲರೆ ಎಣಿಸಿ ತೆಗೆದುಕೊಂಡು, "ಹಾಗಾದರೆ ಮುಂದಿನ ಸೋಮವಾರ ಮತ್ತೆ ಮಾಡುತ್ತೇನೆ" ಎಂದು ಹೋದರು. ಚಿಕಿತ್ಸೆಯಲ್ಲಿರುವವರಿಗೆ ರಕ್ತಪರೀಕ್ಷೆಗೆ ಇಂಥ ದಿನ ಬನ್ನಿ ಎಂದು ಬರೆದುಕೊಟ್ಟಿರುವ ದಿನ ಕಾಟಾಚಾರದ ದಿನವಲ್ಲ. ಅದಕ್ಕೆ ಮುಂಚಿನ ಕಾರ್ಡು ಹೌದು ಎಂದರೂ ನಂಬುವಂತಿಲ್ಲ, ಇಲ್ಲ ಎಂದರೂ ನಂಬುವಂತಿಲ್ಲ. ಹಾಗೆ ಕಾಯುವ ಎರಡು ವಾರ ಕೊಡುವ ಪ್ರೊಜೆಸ್ಟರಾನ್ ಎನ್ನುವ ಹಾರ್ಮೋನಿನ ಮಾತ್ರೆಯಿಂದಲೇ ಮೊಲೆ ಬಿಗಿಯುವುದು, ಮುಟ್ಟು ಮುಂದೆ ಹೋಗುವುದು, ಹೊಟ್ಟೆ ಉಬ್ಬರಿಸುವುದು ಎಲ್ಲವೂ ಆಗುತ್ತದೆ. ಲಕ್ಷಣ ನೋಡಿ ಹೇಳುವುದೂ ಆಗದ ಮಾತು.

ಮಾರ್ಚ್ 17

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಮಾತ್ರ ಕಾರ್ಡಲ್ಲ, ಸ್ಕ್ಯಾನಿಂಗ್ ವರದಿಯ ಒಂದು ಸಾಲು. ಮೇ ತಿಂಗಳ ಮೊದಲ ವಾರ, ಬಿಸಿಲಿಗೆ ರಸ್ತೆಯಲ್ಲಿ ಜನವಿಲ್ಲ. ಜಗಳೂರು ಕಡೆಯ ಹಳ್ಳಿಯಿಂದ ಬಂದಿದ್ದ ಅತ್ತೆ ಸೊಸೆ. ಫೋಲಿಕ್ ಆಮ್ಲದ ಮಾತ್ರೆಯ ಚೀಟಿ ಕೊಟ್ಟು ಅತ್ತೆ ವರದಿಯನ್ನೂ ಕೌಂಟರಿನ ಮೇಲಿಟ್ಟಳು. "ನೀವು ಓದಿದವರು. ಇದರಲ್ಲಿ ಎಷ್ಟು ದಿನ ಎಂದು ಬರೆದಿದ್ದಾರೆ, ಸರಿಯಾಗಿ ನೋಡಿ ಹೇಳಿ." ಸೊಸೆ ಹಿಂದೆ, ತೂಕದ ಯಂತ್ರದ ಪಕ್ಕ ನಿಂತಿದ್ದಳು. ಅವಳ ಕಣ್ಣು ರಸ್ತೆಯ ಮೇಲಿತ್ತು. ಮೇ 1ರಂದು ಮಾಡಿದ ಸ್ಕ್ಯಾನಿಂಗ್, ಆರು ವಾರ ಮೂರು ದಿನ ಎಂದು ಅಚ್ಚಾಗಿತ್ತು, ಹೃದಯದ ಬಡಿತ ಕಂಡಿದೆ ಎಂದೂ ಇತ್ತು. ನಾನು ಓದಿ ಹೇಳಿದೆ, ಎಲ್ಲ ಚೆನ್ನಾಗಿದೆ ಎಂದೂ ಹೇಳಿದೆ. ಅತ್ತೆಗೆ ಚೆನ್ನಾಗಿರುವುದು ಬೇಕಿರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿ, ಬೆರಳಿಟ್ಟು, ವಾರವಾರ ಹಿಂದಕ್ಕೆ ಎಣಿಸಿದಳು. ಬೆರಳು ಮಾರ್ಚ್ 17ರ ಮೇಲೆ ನಿಂತಿತು. ಆ ವರ್ಷ ಯುಗಾದಿ ಮಾರ್ಚ್ 30ಕ್ಕೆ ಬಿದ್ದಿತ್ತು. "ನನ್ನ ಮಗ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾನೆ. ಸಂಕ್ರಾಂತಿಗೆ ಬಂದು ಹೋದವನು ಮತ್ತೆ ಬಂದದ್ದು ಯುಗಾದಿಯ ಹಿಂದಿನ ದಿನ" ಎಂದಳು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ.

ಮೊದಲು ನನಗೆ ಬಂದದ್ದು ಕೋಪ. ಕೋಪದಲ್ಲಿ ಇಂಥ ಲೆಕ್ಕ ಬಿಡಿಸಲು ಆಗುವುದಿಲ್ಲ. ವೈದ್ಯರು ಎರಡು ವಾರ ಸೇರಿಸಿ ಎಣಿಸುತ್ತಾರೆ ಎಂದೆ. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ, ಹೆಂಗಸಿನ ಪರವಾಗಿ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ ಎನ್ನುವುದು ಸ್ಪಷ್ಟವಿತ್ತು. ಇಲ್ಲದ ಬಸಿರನ್ನು ಯಾರಾದರೂ ಏಕೆ ಎಣಿಸುತ್ತಾರೆ? ಆಗ ನಾನು ಕೇಳಿದೆ: "ಮಾರ್ಚ್ 17ಕ್ಕೆ ನಿಮ್ಮ ಸೊಸೆ ಮನೆಯೊಳಗೆ ಇದ್ದಳೋ, ಹೊರಗಾಗಿದ್ದಳೋ?" ಅವಳು ಯೋಚಿಸಿದಳು. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿದದ್ದು ಯಾವಾಗ, ಸಂತೆ ಯಾವಾಗ, ರೊಟ್ಟಿ ಯಾರು ಬಡಿದರು ಎಂದು ಬಾಯಲ್ಲೇ ಹಿಂದಕ್ಕೆ ಹೋದಳು. "ಸೋಮವಾರ... ಅವತ್ತು ಹೊರಗಾದಳು. ಮೂರು ದಿನ ನಾನೇ ಒಲೆಯ ಮುಂದೆ ಕುಳಿತೆ. ಸುಣ್ಣಕ್ಕೆ ಕೈ ಹಾಕಲಿಲ್ಲ ಎಂದು ಬೈದೆ ಕೂಡ." ವೈದ್ಯರು ಎಣಿಸಲು ಶುರು ಮಾಡಿರುವುದು ಆ ಸೋಮವಾರದಿಂದ, ಎಂದೆ. ಅವತ್ತು ಹೊಟ್ಟೆಯಲ್ಲಿ ಏನೂ ಇರಲಿಲ್ಲ ಎನ್ನುವುದಕ್ಕೆ ನೀವೇ ಸಾಕ್ಷಿ. ಅಲ್ಲಿಂದ ಎರಡು ವಾರ ಮುಂದೆ ಬನ್ನಿ, ಎಲ್ಲಿಗೆ ಬರುತ್ತದೆ? ಬೆರಳು ಮಾರ್ಚ್ 31ಕ್ಕೆ ಬಂತು. ಯುಗಾದಿಯ ಮರುದಿನ.

ಮುಟ್ಟಾದವಳನ್ನು ಹೊರಗಿಡುವ ಪದ್ಧತಿಯನ್ನು ನಾನು ನನ್ನ ಮನೆಯಲ್ಲಿ ಜಗಳವಾಡಿ ನಿಲ್ಲಿಸಿದವಳು. ಅದೇ ಪದ್ಧತಿ ಆ ದಿನ ಆ ಹುಡುಗಿಯ ಪರ ಸಾಕ್ಷಿ ಹೇಳಿತು. ಇದಕ್ಕೆ ಏನೆನ್ನಬೇಕೋ ತಿಳಿಯದು. ಅತ್ತೆ ಮಾತ್ರೆಯ ದುಡ್ಡು ಕೊಟ್ಟಳು, ಸೊಸೆಗೆ "ನೀರು ಕುಡಿಯುತ್ತೀಯಾ?" ಎಂದು ಕೇಳಿದಳು. ಬಸ್ಸಿನಲ್ಲಿ ಬರುವಾಗ ಏನೇನು ನಡೆದಿತ್ತೋ, ನನಗೆ ಗೊತ್ತಿಲ್ಲ.

ಆಮೇಲೆ ನನ್ನ ತಲೆ ಬಿಸಿಯಾದದ್ದು ಬೇರೆ ಕಾರಣಕ್ಕೆ. ಆ ಹುಡುಗಿಯ ಮುಟ್ಟು ಗಡಿಯಾರದಂತೆ ಸರಿಯಾಗಿತ್ತು, ಅತ್ತೆಗೆ ತಾರೀಖು ನೆನಪಿತ್ತು, ಬಚಾವಾದಳು. ನಲವತ್ತು ದಿನಕ್ಕೊಮ್ಮೆ ಮುಟ್ಟಾಗುವವಳಾಗಿದ್ದರೆ? ಕೊನೆಯ ಮುಟ್ಟಿನ ದಿನವೇ ನೆನಪಿಲ್ಲದಿದ್ದರೆ? ತಾರೀಖು ಹೇಳದಿದ್ದರೂ ಸ್ಕ್ಯಾನಿಂಗ್ ಯಂತ್ರ ಭ್ರೂಣದ ಉದ್ದ ಅಳೆದು ವಾರ ಹೇಳುತ್ತದೆ, ಆದರೆ ಅದರೊಳಗಿನ ಕೋಷ್ಟಕವನ್ನೂ ಮುಟ್ಟಿನ ಲೆಕ್ಕದಲ್ಲೇ ಬರೆದಿದ್ದಾರೆ. ಆ ಎರಡು ವಾರ ಅಲ್ಲಿಯೂ ಸೇರಿಯೇ ಬರುತ್ತದೆ. ಜೊತೆಗೆ ಮೊದಲ ತಿಂಗಳುಗಳ ಸ್ಕ್ಯಾನಿಂಗಿನಲ್ಲೂ ಐದಾರು ದಿನ ಆಚೀಚೆ ಇದ್ದೇ ಇರುತ್ತದೆ. ಹೆರಿಗೆಯ ದಿನ ಗೊತ್ತುಮಾಡಲು ಅದು ಸಾಕು. ಯಾವ ರಾತ್ರಿ ಎಂದು ಹೇಳುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ. ವರದಿಯ ಕೆಳಗೆ ಕನ್ನಡದಲ್ಲಿ ಒಂದೇ ಸಾಲು ಅಚ್ಚು ಹಾಕಿದರೆ ಎಷ್ಟು ಮನೆಗಳು ತಣ್ಣಗಿರುತ್ತವೆ: ಈ ವಾರಗಳನ್ನು ಮುಟ್ಟಿನ ದಿನದಿಂದ ಎಣಿಸಲಾಗಿದೆ, ಗರ್ಭ ಇದಕ್ಕಿಂತ ಸುಮಾರು ಎರಡು ವಾರ ಚಿಕ್ಕದು. ಲಿಂಗಪತ್ತೆ ಮಾಡುವುದಿಲ್ಲ ಎನ್ನುವ ಫಲಕವನ್ನು ಕಾನೂನಿನ ಪ್ರಕಾರ ಪ್ರತಿ ಕೇಂದ್ರದ ಗೋಡೆಯ ಮೇಲೂ ಹಾಕುತ್ತಾರೆ. ಇದನ್ನು ಹಾಕಲು ಕಾನೂನೂ ಬೇಕಿಲ್ಲ.

ಬೇಗ ತಿಳಿಯುವುದರ ಬೆಲೆ

ಕಾರ್ಡು ಮಾರುವವಳೇ ಕಾರ್ಡು ಬೇಗ ತೆಗೆದುಕೊಳ್ಳಬೇಡಿ ಎಂದರೆ ನನ್ನ ಗಂಡನಿಗೆ ನಗು ಬರುತ್ತದೆ. ಆದರೂ ಹೇಳುತ್ತೇನೆ. ಅದೇ ಅಮೆರಿಕದ ಅಧ್ಯಯನದ 1988ರ ಪ್ರಕಟಣೆಯ ಪ್ರಕಾರ, ಅಂಟಿಕೊಂಡ ಬಸಿರುಗಳಲ್ಲಿ ಒಟ್ಟು ನೂರಕ್ಕೆ 31 ಉಳಿಯಲಿಲ್ಲ. ಆ 31ರಲ್ಲಿ 22, ಬಸಿರು ಎಂದು ಯಾರಿಗೂ ತಿಳಿಯುವ ಮುಂಚೆಯೇ ಹೋಗಿದ್ದವು. 1999ರ ಲೆಕ್ಕದಲ್ಲಿ, ತಡವಾಗಿ ಅಂಟಿಕೊಂಡವು ಹೀಗೆ ಬೇಗ ಹೋದದ್ದು ಹೆಚ್ಚು: ಒಂಬತ್ತನೇ ದಿನದೊಳಗೆ ಅಂಟಿದವುಗಳಲ್ಲಿ ನೂರಕ್ಕೆ 13, ಹನ್ನೊಂದನೇ ದಿನ ಅಂಟಿದವುಗಳಲ್ಲಿ 52. ನಮ್ಮ ತಾಯಂದಿರಿಗೆ ಇಂಥದ್ದು ಆದಾಗ 'ಈ ಸಲ ನಾಲ್ಕು ದಿನ ಮುಂದಕ್ಕೆ ಹೋಯಿತು, ಸ್ವಲ್ಪ ಜಾಸ್ತಿ ಹೋಯಿತು' ಎಂದು ಕಷಾಯ ಕುಡಿದು ಗದ್ದೆಗೆ ನಡೆದರು. ಇವತ್ತು ಅದಕ್ಕೆ ಮಂಗಳವಾರದ ತೆಳು ಗೆರೆ ಇದೆ, ಗಂಡನಿಗೆ ಕಳಿಸಿದ ಚಿತ್ರವಿದೆ, ಶುಕ್ರವಾರದ ರಕ್ತವಿದೆ. ತಿಳಿಯದೆ ಇದ್ದದ್ದೇ ಒಳ್ಳೆಯದಿತ್ತು ಎಂದು ನಾನು ಹೇಳಲಾರೆ. ಪದೇ ಪದೇ ಹೀಗಾಗುವವಳಿಗೆ ಆ ಗೆರೆ ವೈದ್ಯರ ಮುಂದೆ ಇಡುವ ಆಧಾರ. ಆದರೆ ತಿಳಿದ ಮೇಲೆ ಮನೆಯವರ ವಿಚಾರಣೆ ಶುರುವಾಗುತ್ತದೆ. ಸ್ಕೂಟರಿನಲ್ಲಿ ಹೋದೆಯಾ, ಪಪ್ಪಾಯಿ ತಿಂದೆಯಾ, ಕೊಡ ಎತ್ತಿದೆಯಾ. ಮೊದಲ ವಾರಗಳಲ್ಲೇ ಹೋಗುವ ಬಸಿರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಭ್ರೂಣದ ವರ್ಣತಂತುಗಳ ದೋಷ. ಅದು ಅಂಡ ಫಲಿತವಾದ ಹೊತ್ತಿನಲ್ಲೇ ಆಗಿಹೋಗಿರುತ್ತದೆ. ಕೊಡಕ್ಕೂ ಅದಕ್ಕೂ ಸಂಬಂಧವಿಲ್ಲ. ಇದೂ ಹೋಗಿ ಹೆಂಗಸಿನ ಖಾತೆಗೇ ಬೀಳುತ್ತದೆ.

ಅಂಟಿಕೊಳ್ಳುವಾಗ ಸ್ವಲ್ಪ ರಕ್ತ ಕಾಣುತ್ತದಂತೆ, ಅದನ್ನು ನೋಡಿ ದಿನ ಹಿಡಿಯಬಹುದಂತೆ ಎಂದು ಈಚೆಗೆ ಬಹಳ ಮಂದಿ ಕೇಳುತ್ತಾರೆ. ಆ ಅಧ್ಯಯನದ ಹೆಂಗಸರ ದಿನಚರಿಗಳನ್ನು 2003ರಲ್ಲಿ ಮತ್ತೆ ತೆಗೆದು ನೋಡಿದ್ದಾರೆ: ಬಸಿರು ನಿಂತ 151 ಮಂದಿಯಲ್ಲಿ ಮೊದಲ ಎಂಟು ವಾರಗಳಲ್ಲಿ ರಕ್ತ ಕಂಡದ್ದು 14 ಮಂದಿಗೆ, ಅಂಟಿಕೊಂಡ ದಿನವೇ ಕಂಡದ್ದು ಒಬ್ಬಳಿಗೆ. ಆ ಗುರುತನ್ನು ನಂಬಿ ಲೆಕ್ಕ ಹಾಕಬೇಡಿ. ಕಾರ್ಡಿನಲ್ಲಿ ಎರಡು ಗೆರೆ ಬಂದ ಮೇಲೆ ಒಂದು ಪಕ್ಕದಲ್ಲಿ ಬಿಡದೆ ನೋವು, ರಕ್ತ, ಭುಜದಲ್ಲಿ ಸೆಳೆತ, ತಲೆಸುತ್ತು ಕಂಡರೆ ಮಾತ್ರ ಯಾವ ಲೆಕ್ಕವನ್ನೂ ಮಾಡದೆ ಆಸ್ಪತ್ರೆಗೆ ಓಡಬೇಕು. ಬಸಿರು ನಳಿಕೆಯಲ್ಲಿ ನಿಂತಿರಬಹುದು, ಅದು ಒಡೆದರೆ ಜೀವಕ್ಕೆ ಅಪಾಯ. ಕಾರ್ಡು ಬಸಿರು ಇದೆ ಎಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ.

ಉಳಿದಂತೆ ನನ್ನ ಸಲಹೆ ಚಿಕ್ಕದು. ಮುಟ್ಟಾದ ಮೊದಲ ದಿನವನ್ನು ಪ್ರತಿ ತಿಂಗಳು ಎಲ್ಲಾದರೂ ಬರೆದಿಡಿ, ಬೇಕಾಗುವ ಮುಂಚೆ. ಬರಬೇಕಾದ ದಿನ ದಾಟಲಿ, ಇನ್ನೂ ನಾಲ್ಕೈದು ದಿನ ಕಳೆಯಲಿ, ಆಗ ಮಾಡಿ. ಎರಡನೇ ಗೆರೆ ಬರದಿದ್ದರೆ ಒಂದು ವಾರ ಬಿಟ್ಟು ಮತ್ತೊಂದು. ಮೂರ್ಛೆ ರೋಗಕ್ಕೋ ಬಿ.ಪಿ.ಗೋ ಮಾತ್ರೆ ನುಂಗುತ್ತಿರುವವರು, ಹಿಂದೆ ನಳಿಕೆಯ ಬಸಿರಾಗಿದ್ದವರು ಕಾಯಬಾರದು, ಅವರಿಗೆ ಬೇಗ ತಿಳಿಯುವುದೇ ಒಳ್ಳೆಯದು, ಅವರು ನೇರವಾಗಿ ವೈದ್ಯರ ಹತ್ತಿರ ಹೋಗಲಿ. ದುಡ್ಡಿಗೆ ಹಿಂದೆಮುಂದೆ ನೋಡುವವರಿಗೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಎನ್ನುತ್ತೇನೆ. ಸರ್ಕಾರದ 'ನಿಶ್ಚಯ' ಕಾರ್ಡು ಅವರ ಕೈಚೀಲದಲ್ಲಿ ಉಚಿತವಾಗಿ ಸಿಗುತ್ತದೆ, ಕೆಲಸ ಎರಡರದೂ ಒಂದೇ.

ಆ ಜಗಳೂರು ಕಡೆಯ ಅತ್ತೆ ಸೆಪ್ಟೆಂಬರಿನಲ್ಲಿ ಮತ್ತೆ ಬಂದಿದ್ದಳು, ಕಬ್ಬಿಣಾಂಶದ ಮಾತ್ರೆಗೆ. ಈ ಸಲ ಸೊಸೆಯ ತಾಯಿ ಕಾರ್ಡು ಅವಳದೇ ಕೈಯಲ್ಲಿತ್ತು, ಹೆರಿಗೆಯ ದಿನ ಡಿಸೆಂಬರ್ 22 ಎಂದು ಬರೆದಿತ್ತು. ಏಳನೇ ತಿಂಗಳಿಗೆ ಕುಬುಸ ಇಟ್ಟುಕೊಂಡಿದ್ದಾರೆ, ಬೀಗರು ತಾರೀಖು ಕೇಳುತ್ತಿದ್ದಾರೆ, ಅಯ್ಯನವರು ಒಂದು ಲೆಕ್ಕ ಹೇಳುತ್ತಾರೆ, ನರ್ಸಮ್ಮ ಒಂದು. "ಕುಬುಸಕ್ಕೆ ಯಾವ ಏಳು ಹಿಡಿಯಬೇಕು? ಡಾಕ್ಟರದೋ ನಮ್ಮದೋ?" ಶಾಸ್ತ್ರಕ್ಕೆ ನಿಮ್ಮದೇ ಇರಲಿ, ಆಸ್ಪತ್ರೆಗೆ ಅವರದು ಎಂದೆ. ಅವಳಿಗೆ ಅದು ಹಿಡಿಸಲಿಲ್ಲ. ಕ್ಯಾಲೆಂಡರಿನ ಮುಂದೆ ನಿಂತು, ಹಾಳೆ ಮಗುಚಿ, ಈ ಸಲ ಮುಂದಕ್ಕೆ ಎಣಿಸಿದಳು. "ಎರಡಕ್ಕೂ ಏಳೇ ಬೀಳುವ ಹಾಗೆ ಒಂದು ಹದಿನೈದು ದಿನ ಸಿಗುತ್ತದೆ ನೋಡಿ, ಅದರಲ್ಲೇ ಮಾಡುತ್ತೇನೆ" ಎಂದು, ಮಾತ್ರೆಗೆ ಚೌಕಾಸಿ ಮಾಡಿ, ಹೋದಳು.